ಕಿವುಡಾದ ಉಪಗ್ರಹದ ಕಥೆ

ಉಪಗ್ರಹ ಅಂದ ಕೂಡಲೇ ನಮಗೆ ನೆನಪಾಗುವುದು ನಾಸಾ, ಇಸ್ರೋದಂಥ ದೊಡ್ಡ ಸಂಸ್ಥೆಗಳು, ಕೋಟಿಗಟ್ಟಲೆ ದುಡ್ಡು, ನೂರಾರು ವಿಜ್ಞಾನಿಗಳು. ನಾನು ಇವತ್ತು ಹೇಳಹೊರಟಿರುವುದು ಅಂಥ ಸಂಸ್ಥೆಯಲ್ಲಿ ಹುಟ್ಟದ ಒಂದು ಪುಟ್ಟ ಉಪಗ್ರಹದ ಕಥೆ. ಅದರ ಹೆಸರು ಯುಓಸ್ಯಾಟ್-1. ಹುಟ್ಟಿದ್ದು ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿರುವ ಸರ್ರೆ ವಿಶ್ವವಿದ್ಯಾಲಯದಲ್ಲಿ.

ಇದಕ್ಕೂ ಮೊದಲೇ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ಬಾಹ್ಯಾಕಾಶಕ್ಕೆ ಕೈ ಹಾಕಿದ್ದರು. ಅವರ ಮೊದಲ ಉಪಗ್ರಹ ಆಸ್ಕರ್-1 ಹಾರಿದ್ದು 1961ರ ಡಿಸೆಂಬರ್ 12ರಂದು. ಸ್ಪುಟ್ನಿಕ್ ಹಾರಿ ನಾಲ್ಕೇ ವರ್ಷ! ಬೇರೆ ಉಪಗ್ರಹ ಹೊತ್ತ ರಾಕೆಟ್‌ನಲ್ಲಿ ತೂಕ ಸರಿದೂಗಿಸಲು ಇಡುತ್ತಿದ್ದ ಲೋಹದ ತುಂಡಿನ ಜಾಗದಲ್ಲಿ ಅದು ಕೂತು ಹೋಗಿತ್ತು. ಮೋರ್ಸ್ ಸಂಕೇತದಲ್ಲಿ 'ಹಾಯ್' ಎನ್ನುವುದಷ್ಟೇ ಅದರ ಕೆಲಸ.

ಸರ್ರೆಯ ಮಾರ್ಟಿನ್ ಸ್ವೀಟಿಂಗ್ ಕೂಡ ಹ್ಯಾಮ್. 1970ರ ದಶಕದ ಕೊನೆಯಲ್ಲಿ ಅಲ್ಲಿ ಪಿಎಚ್‌ಡಿ ಮುಗಿಸಿದ ಈ ಯುವಕನಿಗೆ ಒಂದು ಪ್ರಶ್ನೆ ಹುಟ್ಟಿತು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಚಿಪ್‌ಗಳನ್ನೇ ಜೋಡಿಸಿ, ಒಳಗೊಂದು ಕಂಪ್ಯೂಟರ್ ಇಟ್ಟು ಉಪಗ್ರಹ ಮಾಡಿದರೆ ಹೇಗೆ? ಆಗಿನ ಕಾಲಕ್ಕೆ ಇದು ಹುಡುಗಾಟದ ಮಾತು. ಬಾಹ್ಯಾಕಾಶಕ್ಕೆಂದೇ ಮಾಡಿದ ದುಬಾರಿ ಬಿಡಿಭಾಗಗಳು ಮಾತ್ರ ಅಲ್ಲಿ ಬಾಳುತ್ತವೆ ಎಂಬುದು ಬಲ್ಲವರ ನಂಬಿಕೆ. ಆದರೂ ಸಹೋದ್ಯೋಗಿಗಳೂ ಹ್ಯಾಮ್ ಗೆಳೆಯರೂ ಸೇರಿ ಸುಮಾರು 50 ಕಿಲೋ ತೂಕದ ಒಂದು ಪೆಟ್ಟಿಗೆ ಕಟ್ಟಿಯೇ ಬಿಟ್ಟರು. 1981ರ ಅಕ್ಟೋಬರ್ 6ರಂದು ನಾಸಾದ ವೈಜ್ಞಾನಿಕ ಉಪಗ್ರಹವೊಂದನ್ನು ಹೊತ್ತಿದ್ದ ಡೆಲ್ಟಾ ರಾಕೆಟ್ ಇದನ್ನೂ ಜೊತೆಗೆ ಕರೆದುಕೊಂಡು ಕ್ಯಾಲಿಫೋರ್ನಿಯಾದಿಂದ ಹಾರಿತು.

ಈ ಪೆಟ್ಟಿಗೆಯಲ್ಲಿ ಏನೇನಿತ್ತು ಗೊತ್ತೇ? ಕಾಸ್ಮೊಸ್ 1802 ಅಲ್ಲ, ಕಾಸ್ಮ್ಯಾಕ್ 1802 ಎಂಬ ಪುಟ್ಟ ಪ್ರೊಸೆಸರ್, ಬೆರಳೆಣಿಕೆಯ ಕಿಲೋಬೈಟ್‌ಗಳ ಮೆಮೊರಿ. ಒಂದು ಕ್ಯಾಮೆರಾ. ಜೊತೆಗೆ ಇಂಗ್ಲಿಷ್ ಪದಗಳನ್ನು ಯಂತ್ರದ ದನಿಯಲ್ಲಿ ಉಚ್ಚರಿಸುವ ಒಂದು ಚಿಪ್. ಉಪಗ್ರಹ ತನ್ನ ಆರೋಗ್ಯದ ಅಂಕಿ-ಅಂಶವನ್ನು ತಾನೇ ಬಾಯಿಬಿಟ್ಟು ಹೇಳಬಲ್ಲದು! ಸಾಧಾರಣ ರಿಸೀವರ್ ಇದ್ದರೆ ಯಾರು ಬೇಕಾದರೂ ಕೇಳಬಹುದಿತ್ತು, ಶಾಲೆ ಮಕ್ಕಳೂ ಕೂಡ. ಮಾಹಿತಿಯ ಸಂಕೇತವನ್ನು ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿಕೊಂಡು ಆಮೇಲೆ ಮನೆಯ ಕಂಪ್ಯೂಟರಿನಲ್ಲಿ ಬಿಡಿಸಿ ಓದಲೂಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು, ಅದರ ಪ್ರೋಗ್ರಾಮನ್ನು ನೆಲದಿಂದಲೇ ಬದಲಾಯಿಸಬಹುದಿತ್ತು.

ಎಲ್ಲವೂ ಅಂದುಕೊಂಡಂತೆ ನಡೆಯಲಿಲ್ಲ. ದೊಡ್ಡ ಪೆಟ್ಟು ಬಿದ್ದದ್ದು 1982ರ ಏಪ್ರಿಲ್‌ನಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯುಓಸ್ಯಾಟ್-1 ಮುಖ್ಯವಾಗಿ ಎರಡು ಕಡೆ ಮಾತಾಡುತ್ತಿತ್ತು, 145 ಮೆಗಾಹರ್ಟ್ಸ್‌ನಲ್ಲಿ ಮತ್ತು 435 ಮೆಗಾಹರ್ಟ್ಸ್‌ನಲ್ಲಿ. ನೆಲದಿಂದ ಬರುವ ಆಜ್ಞೆ ಕೇಳುವ ರಿಸೀವರ್‌ಗಳೂ ಇವೇ ಎರಡು ಬ್ಯಾಂಡ್‌ಗಳಲ್ಲಿದ್ದವು. ಒಂದು ಬಾಯಿ ಮಾತಾಡುತ್ತಿದ್ದರೆ ಅದರ ಪಕ್ಕದ ಕಿವಿ ಮಂದವಾಗುತ್ತದೆ, ಆದರೆ ಇನ್ನೊಂದು ಕಿವಿ ತೆರೆದಿರುತ್ತದೆ. ಹಾಗಾಗಿ ತೊಂದರೆ ಇಲ್ಲ. ಆದರೆ ಪ್ರೋಗ್ರಾಮಿನ ಒಂದು ತಪ್ಪಿನಿಂದ ಎರಡೂ ಟ್ರಾನ್ಸ್‌ಮಿಟರ್‌ಗಳು ಒಟ್ಟಿಗೇ ಚಾಲೂ ಆಗಿಬಿಟ್ಟವು! ಕಿವಿಯ ಪಕ್ಕದಲ್ಲೇ ಓಲಗ ಊದುತ್ತಿರುವಾಗ ಬೀದಿಯ ಆ ತುದಿಯಿಂದ ಯಾರೋ ಹೆಸರು ಹಿಡಿದು ಕೂಗಿದರೆ ಕೇಳಿಸೀತೇ? ಉಪಗ್ರಹದ ಸ್ಥಿತಿ ಹಾಗಾಯಿತು. 'ಬಾಯಿ ಮುಚ್ಚು' ಎಂಬ ಆಜ್ಞೆ ಕೊಟ್ಟರೆ ಸಾಕಿತ್ತು. ಆದರೆ ಬಾಯಿ ಮುಚ್ಚದ ಹೊರತು ಆಜ್ಞೆ ಕೇಳಿಸುವುದಿಲ್ಲ.

ಉಳಿದದ್ದು ಒಂದೇ ದಾರಿ, ಇನ್ನೂ ಜೋರಾಗಿ ಕೂಗುವುದು. ಅಷ್ಟು ಜೋರು ದನಿ ಹ್ಯಾಮ್‌ಗಳ ಮನೆಯ ಆಂಟೆನಾಗಳಿಗೆ ಎಲ್ಲಿಂದ ಬರಬೇಕು? ಕೊನೆಗೆ ನೆರವಿಗೆ ಬಂದದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ಬಳಿ ಗುಡ್ಡದ ಮೇಲಿರುವ 150 ಅಡಿ ಅಗಲದ ದೈತ್ಯ ಡಿಶ್. ಅಲ್ಲಿಂದ ಭಾರಿ ಶಕ್ತಿಯಲ್ಲಿ ಆಜ್ಞೆ ಕಳಿಸಿದಾಗ, 1982ರ ಸೆಪ್ಟೆಂಬರ್‌ನಲ್ಲಿ, ಉಪಗ್ರಹಕ್ಕೆ ಕಡೆಗೂ ಕೇಳಿಸಿತು. ಸುಮಾರು ಐದು ತಿಂಗಳ ಕಿವುಡುತನ ಮುಗಿಯಿತು. ಆಮೇಲೆ ಅದು ವರ್ಷಗಟ್ಟಲೆ ಕೆಲಸ ಮಾಡಿ, 1989ರ ಅಕ್ಟೋಬರ್‌ನಲ್ಲಿ ವಾತಾವರಣಕ್ಕೆ ಇಳಿದು ಉರಿದುಹೋಯಿತು. ಎಂಟು ವರ್ಷ ಬಾಳಿದ ಅಂಗಡಿ ಚಿಪ್‌ಗಳು!

ಆ ಐದು ತಿಂಗಳಲ್ಲಿ ಇವರು ಕೈಚೆಲ್ಲಿದ್ದರೆ 'ನಾವು ಮೊದಲೇ ಹೇಳಿರಲಿಲ್ಲವೇ' ಎನ್ನುವವರ ಮಾತೇ ಗೆಲ್ಲುತ್ತಿತ್ತು. ಹಾಗಾಗಲಿಲ್ಲ. ಮತ್ತೊಂದು ರಾಕೆಟ್‌ನಲ್ಲಿ ಜಾಗ ಸಿಕ್ಕಾಗ ಸುಮಾರು ಆರೇ ತಿಂಗಳಲ್ಲಿ ಯುಓಸ್ಯಾಟ್-2 ತಯಾರಾಯಿತು. 1984ರ ಮಾರ್ಚ್ 1ರಂದು ಹಾರಿದ ಅದರ ದನಿ ಮೂವತ್ತು ವರ್ಷ ದಾಟಿದ ಮೇಲೂ ಹ್ಯಾಮ್‌ಗಳಿಗೆ ಕೇಳಿಸುತ್ತಿತ್ತು. ನನಗೆ ತುಂಬ ಹಿಡಿಸಿದ ಪ್ರಸಂಗ 1988ರದ್ದು. ಸೋವಿಯತ್ ಮತ್ತು ಕೆನಡಾದ 13 ಜನ ಸ್ಕೀ ಕಟ್ಟಿಕೊಂಡು ಉತ್ತರ ಧ್ರುವ ದಾಟಿ ಸೈಬೀರಿಯಾ ಕಡೆಯಿಂದ ಕೆನಡಾಕ್ಕೆ ಹೊರಟಿದ್ದರು. ಅವರ ಬಳಿಯಿದ್ದ ಬೀಕನ್‌ನಿಂದ ಅವರು ಎಲ್ಲಿದ್ದಾರೆಂದು ಲೆಕ್ಕಹಾಕಿ, ಅದನ್ನು ಯುಓಸ್ಯಾಟ್-2ಕ್ಕೆ ಕಳಿಸುತ್ತಿದ್ದರು. ಅದು ತನ್ನ ಯಂತ್ರದ ದನಿಯಲ್ಲಿ ಅಕ್ಷಾಂಶ ರೇಖಾಂಶಗಳನ್ನು ಮೇಲಿನಿಂದ ಹೇಳುತ್ತಿತ್ತು. ಶೀತಲ ಸಮರದ ಕೊನೆಯ ದಿನಗಳಲ್ಲಿ ಎರಡೂ ಬಣದವರಿಗೆ ದಾರಿ ಹೇಳಿದ್ದು ಒಂದು ವಿಶ್ವವಿದ್ಯಾಲಯದ ಪೆಟ್ಟಿಗೆ!

ಮುಂದೆ 1985ರಲ್ಲಿ ಸರ್ರೆ ವಿಶ್ವವಿದ್ಯಾಲಯ ಬರೀ 100 ಪೌಂಡ್ ಬಂಡವಾಳದಲ್ಲಿ ಎಸ್‌ಎಸ್‌ಟಿಎಲ್ ಎಂಬ ಕಂಪನಿ ತೆರೆಯಿತು. ಅದು ದೇಶ ದೇಶಗಳಿಗೆ ಚಿಕ್ಕ ಉಪಗ್ರಹ ಕಟ್ಟಿಕೊಟ್ಟಿತು, ಕಟ್ಟುವುದನ್ನೂ ಕಲಿಸಿತು. ದಕ್ಷಿಣ ಕೊರಿಯಾದ ವಿದ್ಯಾರ್ಥಿಗಳು ಸರ್ರೆಗೆ ಬಂದು ಕಲಿತು 1992ರಲ್ಲಿ ತಮ್ಮ ದೇಶದ ಮೊದಲ ಉಪಗ್ರಹ ಹಾರಿಸಿದರು. ಆ ಸರಣಿಯ ಮೂರನೆಯದು, ಕಿಟ್‌ಸ್ಯಾಟ್-3, 1999ರಲ್ಲಿ ಹಾರಿದ್ದು ನಮ್ಮ ಶ್ರೀಹರಿಕೋಟಾದಿಂದ, ಪಿಎಸ್‌ಎಲ್‌ವಿಯಲ್ಲಿ. 2015ರಲ್ಲಿ ಎಸ್‌ಎಸ್‌ಟಿಎಲ್‌ನವರ ಮೂರು ದೊಡ್ಡ ಉಪಗ್ರಹಗಳನ್ನೂ ಪಿಎಸ್‌ಎಲ್‌ವಿಯೇ ಹೊತ್ತೊಯ್ದಿತು. ಈ ನಡುವೆ 2010ರ ಜುಲೈ 12ರಂದು ಕರ್ನಾಟಕ ಮತ್ತು ಆಂಧ್ರದ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ, ಒಂದು ಕಿಲೋಗಿಂತ ಕಡಿಮೆ ತೂಕದ ಸ್ಟಡ್‌ಸ್ಯಾಟ್ ಕೂಡ ಹಾರಿತು. ಆ ಹೊತ್ತಿಗೆ ವಿದ್ಯಾರ್ಥಿಗಳು ಉಪಗ್ರಹ ಕಟ್ಟುತ್ತೇವೆ ಎಂದರೆ ಯಾರೂ ನಗುತ್ತಿರಲಿಲ್ಲ.

ಯುಓಸ್ಯಾಟ್-1ರ ಕ್ಯಾಮೆರಾ, ಚಿಪ್ಪುಗಳ ಬಗ್ಗೆ ಹೊಗಳುವವರು ಬಹಳ ಮಂದಿ. ನನಗೆ ಮಾತ್ರ ಅದರ ದೊಡ್ಡತನ ಕಾಣುವುದು ಆ ಐದು ತಿಂಗಳಲ್ಲಿ. ಮೇಲೆ ಕಳಿಸಿದ ಮೇಲೂ ತಿದ್ದಬಹುದಾದ ಯಂತ್ರವನ್ನು ಅವರು ಕಟ್ಟಿದ್ದರು. ತಿದ್ದುವ ತನಕ ಕೂಗುವ ತಾಳ್ಮೆಯೂ ಅವರಿಗಿತ್ತು.