ಬೀದಿ ಪರದೆಯ ಮುಂದಿನ ಪ್ರೇಮ

ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿಯಲ್ಲಿ 1856ರಲ್ಲಿ ಹುಟ್ಟಿದ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, ಮರಾಠಿ ನಾಟಕಗಳು ಮೆರೆಯುತ್ತಿದ್ದ ಕಾಲದಲ್ಲಿ ಗದಗಿನಲ್ಲಿ ಕನ್ನಡದ ಮಂಡಳಿ ಕಟ್ಟಿದರು. ಅವರ ಮೊದಲ ನಾಟಕ ‘ಉಷಾಹರಣ’. ಅದಕ್ಕೆ ಆಧಾರವಾದ ಪುರಾಣಕಥೆಯಲ್ಲಿ ಉಷೆ ಕನಸಿನಲ್ಲಿ ಕಂಡವನಿಗಾಗಿ ಕೊರಗುತ್ತಾಳೆ. ಒಬ್ಬೊಬ್ಬರದೇ ಚಿತ್ರ ಬರೆದು ತೋರಿಸಿ, ಅನಿರುದ್ಧನನ್ನು ಗುರುತು ಹಚ್ಚಿಸಿ, ಮಲಗಿದ್ದವನನ್ನು ಹೊತ್ತು ತರುವವಳು ಸಖಿ ಚಿತ್ರಲೇಖೆ. ಪ್ರೇಮ ಒಡತಿಯದು, ದುಡಿಮೆ ಸಖಿಯದು. ನಮ್ಮ ವೃತ್ತಿ ರಂಗಭೂಮಿಯ ಪ್ರಣಯದಲ್ಲಿ ಈ ಪಾಲು ಬಹುಕಾಲ ಹೀಗೇ ಉಳಿಯಿತು. ನಾಯಕ ನಾಯಕಿಯರು ವಿರಹದ ಹಾಡು ಹಾಡಿದರೆ, ಬುಟ್ಟಿ, ಕಸಬರಿಗೆ ಹಿಡಿದ ಆಳು ಮತ್ತು ದಾಸಿ ಜಗಳವಾಡುತ್ತಲೇ ಒಲಿಯುತ್ತಿದ್ದರು. ಪ್ರಣಯಕ್ಕೆ ನಗು ಬರುವುದು ಕೆಲಸದಿಂದಲೇ ಎಂಬುದು ನನ್ನ ವಾದ.

ಹಾಸ್ಯದ ಜೋಡಿ ಬರೀ ಹೊತ್ತು ತುಂಬಿಸಲು ಬಂದದ್ದು ಎನ್ನುವವರಿದ್ದಾರೆ. ಹೌದು, ಹಿಂದೆ ಅರಮನೆಯ ಸೀನು ಕಟ್ಟುವಾಗ ಮುಂದೆ ಬೀದಿಯ ಚಿತ್ರದ ಪರದೆ ಇಳಿಯುತ್ತಿತ್ತು. ಆ ಕಿರಿದಾದ ಜಾಗವೇ ಅವರದು. ಆದರೆ ಬೀದಿಗೆ ಬಂದವರಿಗೆ ಅಲ್ಲೊಂದು ಕೆಲಸವಿರಬೇಕು, ಕೆಲಸವಿದ್ದಲ್ಲಿ ಮಾತಿಗೆ ನೆಪ ಸಿಗುತ್ತದೆ. ಟಿಕೆಟ್ಟಿನ ಹಣವೇ ಅನ್ನವಾಗಿದ್ದ ಕಂಪನಿಗಳಿಗೆ ಆ ಮಾತು ಬೇಕೂ ಇತ್ತು. ಉದಾಹರಣೆಗೆ, ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಸಂಗೀತಗಾರ ಪಂಚಾಕ್ಷರಿ ಗವಾಯಿಗಳು ಅಂಧ ಶಿಷ್ಯರನ್ನು ಸಾಕಲು ನಾಟಕ ಕಂಪನಿಯನ್ನೇ ನೆಚ್ಚಿದ್ದರು.

ನಮ್ಮ ರಂಗದಲ್ಲಿ ಆಳು ದಾಸಿಯರ ಪಾಲಾಗಿದ್ದ ಈ ಜಗಳದ ಪ್ರೇಮವನ್ನು ಹಾಲಿವುಡ್ ನಾಯಕ ನಾಯಕಿಯರಿಗೇ ಕೊಟ್ಟಿತು. 1934ರಿಂದ ಬಿಗಿಯಾದ ಅಲ್ಲಿನ ಚಿತ್ರಗಳ ನೀತಿಸಂಹಿತೆ ಶೃಂಗಾರಕ್ಕೆ ಅಂಕುಶ ಹಾಕಿದಾಗ ಮಾತೇ ಸರಸವಾಯಿತು. ‘ದಿ ಶಾಪ್ ಅರೌಂಡ್ ದಿ ಕಾರ್ನರ್’ (1940) ಚಿತ್ರದಲ್ಲಿ ಬುಡಾಪೆಸ್ಟಿನ ಅಂಗಡಿಯೊಂದರ ಇಬ್ಬರು ನೌಕರರು ಹಗಲೆಲ್ಲ ಕಚ್ಚಾಡುತ್ತಾರೆ, ಗುರುತಿಲ್ಲದೆ ಪರಸ್ಪರರಿಗೇ ಪ್ರೇಮಪತ್ರ ಬರೆಯುತ್ತಾರೆ. ಅದೇ ವರ್ಷದ ‘ಹಿಸ್ ಗರ್ಲ್ ಫ್ರೈಡೇ’ಗಾಗಿ ನಿರ್ದೇಶಕ ಹೊವರ್ಡ್ ಹಾಕ್ಸ್ ಮೂಲ ನಾಟಕದ ಗಂಡು ವರದಿಗಾರನನ್ನು ಹೆಣ್ಣಾಗಿಸಿದ; ಕಸುಬಿನಲ್ಲಿ ಸರಿಸಮಳಾದ್ದರಿಂದ ಅವಳು ಮಾತಿನಲ್ಲೂ ಸೋಲುವುದಿಲ್ಲ.

ದುಡಿಯುವ ಜಾಗದಲ್ಲಿ ದರ್ಪವೂ ಇರುತ್ತದೆ ಎಂಬ ಆಕ್ಷೇಪ ನಿಜವೇ. ‘ದಿ ಅಪಾರ್ಟ್‌ಮೆಂಟ್’ (1960) ಚಿತ್ರ ಅದನ್ನೇ ಬಯಲಿಗೆಳೆಯಿತು: ಅಲ್ಲಿ ಮೇಲಧಿಕಾರಿಯ ಪ್ರಣಯ ಬರೀ ವಂಚನೆ. ನಮ್ಮ ಹಳೆಯ ಕಂಪನಿಗಳಲ್ಲಂತೂ ದಾಸಿಯ ಚೂಪು ಮಾತನ್ನೂ ಗಂಡಸೇ ಸೀರೆಯುಟ್ಟು ಆಡುತ್ತಿದ್ದ. ಆದರೂ ಒಡೆಯನ ಎದುರು ಬಾಯಿ ಕಟ್ಟಿದ ದಾಸಿಗೆ, ಜೊತೆಗೆ ದುಡಿಯುವವನ ಎದುರು ಬಾಯಿ ಬರುತ್ತದೆ. ಕೆಲಸ ತಾನಾಗಿ ಸಮಾನತೆ ತರಲಾರದು. ಸಮಾನರು ಸಿಕ್ಕಾಗ ಪ್ರಣಯಕ್ಕೆ ಎದುರುಮಾತು ಕಲಿಸುತ್ತದೆ. ಎದುರುಮಾತಿಲ್ಲದ ಪ್ರೇಮದಲ್ಲಿ ಹಾಡಿರಬಹುದು, ನಗುವಿರದು.