ಕಾದಾಡುವ ಮೀನಿಗೆ ಹೊಸ ಜೊತೆ. ತೊಟ್ಟಿಯ ಪಾಚಿಗೆ ಕಡಿವಾಣ

ಬೀದರ್: ಅಕ್ವೇರಿಯಂಗೆ ಹೊಸ ಮೀನು ತರುವವರು ಬಣ್ಣಕ್ಕೆ ಮರುಳಾಗಿ ಸ್ವಭಾವವನ್ನು ಮರೆಯುವುದುಂಟು. ದಕ್ಷಿಣ ಅಮೆರಿಕ ಮೂಲದ ಆಸ್ಕರ್, 1990ರ ದಶಕದಲ್ಲಿ ಮಲೇಷ್ಯಾದಲ್ಲಿ ತಳಿಸಂಕರಣದಿಂದ ರೂಪುಗೊಂಡ ಫ್ಲವರ್‌ಹಾರ್ನ್ ಇವೆರಡೂ ಸಿಕ್ಲಿಡ್ ಕುಟುಂಬದವು. ತಮ್ಮ ಎಲ್ಲೆಯನ್ನು ಕಾದಾಡಿ ಕಾಯುವಂಥವು. ಹಳೆಯ ಮೀನು ಇಡೀ ತೊಟ್ಟಿಯನ್ನೇ ತನ್ನದಾಗಿಸಿಕೊಂಡಿರುತ್ತದೆ. ಆದ್ದರಿಂದ ಹೊಸದನ್ನು ಬಿಡುವ ಮುನ್ನ ಕಲ್ಲು, ಮಡಕೆಚೂರುಗಳ ಜಾಗ ಬದಲಿಸಬೇಕು. ಹಳೆಯ ಗಡಿಗಳು ಅಳಿದರೆ ಕಾದಾಟ ತಗ್ಗುತ್ತದೆ. ಫ್ಲವರ್‌ಹಾರ್ನ್‌ಗೆ ಈ ಉಪಾಯವೂ ಸಾಲದು, ಒಂಟಿಯಾಗಿ ಸಾಕುವುದೇ ಲೇಸು. ಯಾವ ಮೀನೇ ಆಗಲಿ, ಮೊದಲ ಎರಡು-ಮೂರು ವಾರ ಬೇರೆ ತೊಟ್ಟಿಯಲ್ಲಿರಿಸಿದರೆ ರೋಗ ಹರಡದು.

ಒಮ್ಮೆಲೇ ಹಲವು ಮೀನು ಬಿಟ್ಟರೆ ಅಮೋನಿಯಾ ಏರುತ್ತದೆ. ಅದನ್ನು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಫಿಲ್ಟರ್‌ನ ಸ್ಪಂಜಿನಲ್ಲಿ ನೆಲೆಸಿರುತ್ತವೆ. ಕ್ಲೋರಿನ್ ಬೆರೆತ ನಲ್ಲಿ ನೀರಿನಲ್ಲಿ ತೊಳೆದರೆ ಅವು ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಸ್ಪಂಜನ್ನು ಹಿಂಡಬೇಕು. ಭಾಲ್ಕಿ, ಔರಾದ್, ಮನ್ನಳ್ಳಿ ಸೀಮೆಯ ಬಿಸಿಲಿಗೆ ನೀರು ಕಾದಷ್ಟೂ ಅದರಲ್ಲಿ ಕರಗಿದ ಆಮ್ಲಜನಕ ಕುಗ್ಗುವುದರಿಂದ, ಬೇಸಿಗೆಯಲ್ಲಿ ಗಾಳಿ ಪಂಪು ನಿಲ್ಲಕೂಡದು.

ಉಳಿದ ನೈಟ್ರೇಟ್, ಹೆಚ್ಚಾದ ಆಹಾರ, ಅತಿ ಬೆಳಕು ಪಾಚಿಯನ್ನು ಬೆಳೆಸುತ್ತವೆ. ದೀಪವನ್ನು ದಿನಕ್ಕೆ 6ರಿಂದ 8 ಗಂಟೆಗೆ ಮಿತಗೊಳಿಸಿ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವುದು ಔಷಧಿಗಿಂತ ಫಲಕಾರಿ. ಪಾಚಿ ತಿನ್ನಲೆಂದು ತರುವ ಸಕ್ಕರ್ ಮೀನು ಒಂದು ಅಡಿಗೂ ಮೀರಿ ಬೆಳೆಯುತ್ತದೆ. ಬೇಡವಾದಾಗ ಅಂಗಡಿಗೇ ಹಿಂದಿರುಗಿಸಬೇಕು. ಕೆರೆಗಾಗಲಿ, ಕಾರಂಜಾ ಜಲಾಶಯಕ್ಕಾಗಲಿ ಬಿಡಕೂಡದು. ದಕ್ಷಿಣ ಅಮೆರಿಕದ ಈ ಮೀನು ಭಾರತದ ಹಲವೆಡೆ ಈಗಾಗಲೇ ಕೆರೆ-ನದಿಗಳಲ್ಲಿ ಬೇರೂರಿದ್ದು, ಅದರ ಮುಳ್ಳು ಮೀನುಗಾರರ ಬಲೆಗಳನ್ನು ಹರಿಯುತ್ತಿದೆ. ಕಾರಂಜಾ ಮಾಂಜ್ರಾದ ಉಪನದಿ, ಮಾಂಜ್ರಾ ಸೇರುವುದು ಗೋದಾವರಿಯನ್ನು.