ತಳಕಿನ ದಾರಿಯಲ್ಲಿ ಒಂದು ಹಳದಿ ದೀಪ

ಚಳ್ಳಕೆರೆಯಿಂದ ಬಳ್ಳಾರಿ ಕಡೆಗೆ ಹೊರಟರೆ ತಳಕು ಸಿಗುತ್ತದೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಟಿ.ಎಸ್. ವೆಂಕಣ್ಣಯ್ಯ, ತ.ಸು. ಶಾಮರಾಯರ ಊರು. ನನ್ನ ಕುತೂಹಲ ಸದ್ಯ ಈ ದಾರಿಯಲ್ಲಿ ಓಡುವ ಹಳೆಯ ಕಾರುಗಳದು. ಅವುಗಳ ಡ್ಯಾಶ್‌ಬೋರ್ಡಿನಲ್ಲಿ ಆರದೆ ಉರಿಯುವ 'ಎಬಿಎಸ್' ಎಂಬ ಹಳದಿ ದೀಪದ್ದು. "ಬ್ರೇಕ್ ಹಿಡೀತೈತಲ್ಲ, ದೀಪಕ್ಕ್ಯಾಕೆ ತಲೆ ಕೆಡಿಸ್ಕಂತೀಯ?" ಎನ್ನುವುದು ನಮ್ಮ ಕಡೆಯ ಮಾತು. ಅದರಲ್ಲಿ ಅರ್ಧ ನಿಜವಿದೆ. ಉಳಿದರ್ಧಕ್ಕೆ ಚರಿತ್ರೆ ಬೇಕು.

ಬ್ರೇಕನ್ನು ಬಲವಾಗಿ ತುಳಿದಾಗ ಚಕ್ರ ತಿರುಗುವುದನ್ನೇ ನಿಲ್ಲಿಸಿ ಜಾರತೊಡಗಿದರೆ, ಸ್ಟೇರಿಂಗ್ ಎತ್ತ ತಿರುಗಿಸಿದರೂ ಗಾಡಿ ತಾನು ಹೋಗುತ್ತಿದ್ದ ಕಡೆಗೇ ಹೋಗುತ್ತದೆ. ಇದಕ್ಕೆ ಮದ್ದು ಬಂದದ್ದು ವಿಮಾನಗಳಿಂದ. 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಡನ್ಲಪ್ ಕಂಪನಿ 'ಮ್ಯಾಕ್ಸರೆಟ್' ಎಂಬ ಸಾಧನ ತಂದಿತು. ಎಲೆಕ್ಟ್ರಾನಿಕ್ಸ್ ಏನೂ ಇಲ್ಲ. ಚಕ್ರದ ಜೊತೆ ತಿರುಗುವ ಒಂದು ಭಾರದ ಗಾಲಿ, ಅಷ್ಟೆ. ಚಕ್ರ ತಟ್ಟನೆ ನಿಧಾನವಾದರೆ ಈ ಗಾಲಿ ಅದನ್ನು ಮೀರಿ ಓಡಿ, ಬ್ರೇಕಿನ ಒತ್ತಡ ಇಳಿಸುವ ಕವಾಟವನ್ನು ತೆರೆಯುತ್ತಿತ್ತು. 1966ರಲ್ಲಿ ಇದೇ ತಂತ್ರ ಜೆನ್ಸನ್ ಎಫ್‌ಎಫ್ ಕಾರಿಗೆ ಬಂತು. 1978ರಲ್ಲಿ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ವ್ಯವಸ್ಥೆ ಮರ್ಸಿಡಿಸ್ ಎಸ್-ಕ್ಲಾಸ್ ಸೇರಿತು. ಭಾರತದಲ್ಲಿ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ.

ವಿಮಾನದ ಮಾತು ಚಳ್ಳಕೆರೆಗೆ ದೂರದ್ದಲ್ಲ. ಅಮೃತಮಹಲ್ ದನಗಳ ಕಾವಲಾಗಿದ್ದ ನೆಲದಲ್ಲಿ 2017ರಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2024ರ ಜೂನ್ 23ರಂದು ಇಸ್ರೋದ 'ಪುಷ್ಪಕ್' ಅಲ್ಲಿ ಗಂಟೆಗೆ 320 ಕಿ.ಮೀ.ಗೂ ಮೀರಿದ ವೇಗದಲ್ಲಿ ನೆಲ ಮುಟ್ಟಿತು. ಪ್ಯಾರಾಚೂಟ್ ಆ ವೇಗವನ್ನು ನೂರರ ಆಸುಪಾಸಿಗೆ ಇಳಿಸಿದ ಮೇಲಷ್ಟೇ ಚಕ್ರದ ಬ್ರೇಕಿನ ಸರದಿ. ನಮ್ಮ ರಸ್ತೆಯಲ್ಲಿ ಆ ನೂರು ಕಿ.ಮೀ. ವೇಗಕ್ಕೆ ಪ್ಯಾರಾಚೂಟ್ ಇಲ್ಲ. ಎದುರಿಗೆ ಕಡಲೆಕಾಯಿ ಲಾರಿ, ಡಾಂಬರಿನ ಮೇಲೆ ಒಕ್ಕಣೆಗೆ ಹರಡಿದ ಹುರುಳಿ ಸೊಪ್ಪು ಇರುತ್ತವೆ. (ಆ ಸೊಪ್ಪಿನ ಮೇಲೆ ಎಬಿಎಸ್ ಇದ್ದರೂ ಗಾಡಿ ಬೇಗ ನಿಂತೀತೆಂಬ ಭರವಸೆ ಬೇಡ, ಸ್ಟೇರಿಂಗ್ ಮಾತು ಕೇಳುತ್ತದೆ ಎನ್ನುವುದೇ ಅದರ ಲಾಭ.)

ದೀಪ ಉರಿಯುತ್ತಿದೆ ಎಂದರೆ ಎಬಿಎಸ್ ತಾನಾಗಿ ಹಿಂದೆ ಸರಿದಿದೆ, ಮಾಮೂಲಿ ಬ್ರೇಕ್ ಉಳಿದಿದೆ ಎಂದರ್ಥ. ನನ್ನ ಮಟ್ಟಿಗೆ ದೀಪವೇ ಹತ್ತದ ದೋಷ ಇನ್ನೂ ಕಿರಿಕಿರಿಯದು. ಹಳೆಯ ಕಾರಿನಲ್ಲಿ ಪ್ರತಿ ಚಕ್ರದ ಬಳಿ ಒಂದು ಹಲ್ಲಿನ ಬಳೆ, ಅದರೆದುರು ಅಯಸ್ಕಾಂತವಿರುವ ಸೆನ್ಸರ್ ಇರುತ್ತದೆ. ಅಯಸ್ಕಾಂತ ಬ್ರೇಕಿನ ಕಬ್ಬಿಣದ ಪುಡಿಯನ್ನೆಲ್ಲ ಎಳೆದುಕೊಳ್ಳುತ್ತದೆ. ತುಕ್ಕು ಸೆನ್ಸರನ್ನು ಬಳೆಯಿಂದ ಕೂದಲೆಳೆಯಷ್ಟು ದೂರ ತಳ್ಳುತ್ತದೆ. ವೇಗವಿದ್ದಾಗ ಸಂಕೇತ ಚೆನ್ನಾಗಿಯೇ ಬರುತ್ತದೆ. ಗಾಡಿ ಇನ್ನೇನು ನಿಲ್ಲಬೇಕೆನ್ನುವಾಗ ಸಂಕೇತ ಕ್ಷೀಣಿಸಿ, ಆ ಚಕ್ರ ಜಾರುತ್ತಿದೆಯೆಂದು ಕಂಪ್ಯೂಟರ್ ನಂಬಿ ಬ್ರೇಕ್ ಸಡಿಲಿಸುತ್ತದೆ. ಪೆಡಲ್ ಕಾಲಡಿ ಗಡಗಡ ನಡುಗುತ್ತದೆ, ಕಾರು ನಿಲ್ಲಬೇಕಾದಲ್ಲಿ ನಿಲ್ಲದೆ ಒಂದೆರಡು ಅಡಿ ಮುಂದೆ ತೆವಳುತ್ತದೆ. ಮುಂದೆ ಕುರಿಹಿಂಡಿದ್ದರೆ ಆ ಎರಡಡಿ ದೊಡ್ಡದು.

ಫ್ಯೂಸ್ ಕಿತ್ತರೆ ನಡುಕವೇನೋ ನಿಲ್ಲುತ್ತದೆ. ಆದರೆ ಎಷ್ಟೋ ಕಾರುಗಳಲ್ಲಿ ಹಿಂದಿನ ಚಕ್ರಗಳ ಬ್ರೇಕನ್ನು ಹದದಲ್ಲಿಡುವುದೂ ಇದೇ ಕಂಪ್ಯೂಟರ್. ಅದು ಹೋದರೆ ಮಳೆಯಲ್ಲಿ ಹಿಂಭಾಗ ಮೊದಲು ಜಾರಿ ಕಾರು ಗಿರಕಿ ಹೊಡೆಯಬಹುದು. ಸೆನ್ಸರ್ ಬಿಚ್ಚಿ ತುದಿ ಒರೆಸಿ, ತುಕ್ಕು ಕೆರೆದು, ತಂತಿ ಎಲ್ಲಿ ಸವೆದಿದೆಯೆಂದು ನೋಡುವುದು ಅರ್ಧ ದಿನದ ಕೆಲಸ. ಹಳದಿಯ ಜೊತೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಮಾತ್ರ ಗಾಡಿಯನ್ನು ಅಲ್ಲೇ ಬಿಟ್ಟು ಮೆಕ್ಯಾನಿಕ್‌ನನ್ನೇ ಕರೆಸಬೇಕು.